ಅಬ್ಬಲಿಗೆಯ ಕಂಪು

ಮುಂಬಯಿಯ ಗೋರೆಗಾಂವ್‌ನ ಕನ್ನಡ ಸಂಘದ ಕವಿಗೋಷ್ಠಿಯಲ್ಲಿ ಕವಿಗಳ ಸರದಿ ಕೊನೆಗೆ. ಮೊದಲು ದೀಪ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ. ಆಮೇಲೆ ನಾಲ್ವರಿಗೆ ಸನ್ಮಾನ. ಸನ್ಮಾನಿತರು ತಾವು ಇದಕ್ಕೆ ಅರ್ಹರಲ್ಲವೆಂದು ತಲಾ ಇಪ್ಪತ್ತು ನಿಮಿಷ ವಾದಿಸುತ್ತಾರೆ. ಯಾರೂ ಎದುರಾಡುವುದಿಲ್ಲ. ಚಹಾ ಆರಿದ ಮೇಲೆ ಕವಿತೆ ಶುರು. ಓದಿ ಮುಗಿಸಿದ ಕವಿ ಚಪ್ಪಾಳೆ ನಿಲ್ಲುವ ಮೊದಲೇ ಮೆಟ್ಟಿಲಿಳಿದಿರುತ್ತಾನೆ. ತಪ್ಪು ಅವನದಲ್ಲ. ಭಾನುವಾರ ಹಳಿ ರಿಪೇರಿಯ ಮೆಗಾಬ್ಲಾಕ್, ಲೋಕಲ್‌ಗಳು ಇಪ್ಪತ್ತು ನಿಮಿಷಕ್ಕೊಂದು.

ವಿನೋದಿನಿಯ ಸರದಿ ಮೂರು ಗೋಷ್ಠಿಗಳಲ್ಲಿ ಹೀಗೆಯೇ ತಪ್ಪಿತ್ತು. ಜೋಗೇಶ್ವರಿಯ ಒಂದು ಗಾಲಾದಲ್ಲಿ, ಅಂದರೆ ಸಣ್ಣ ಕಾರ್ಖಾನೆಯಲ್ಲಿ, ಬಾಟಲಿ ಮುಚ್ಚಳ ತಯಾರಾಗುತ್ತದೆ. ಅಲ್ಲಿ ಪ್ಯಾಕಿಂಗ್ ನೋಡಿಕೊಳ್ಳುವವಳು ಅವಳು. ಐವತ್ತೊಂದು ವಯಸ್ಸು, ಬೊರಿವಲಿಯಲ್ಲಿ ಮನೆ. ಅಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಆ ಎಂಟು ತಿಂಗಳೂ ಬೆಳಗಿನ ಲೋಕಲ್‌ನಲ್ಲಿ ನಿಂತುಕೊಂಡೇ ಒಂದು ಪದ್ಯ ಬರೆದಿದ್ದಳು, ಒಂದೇ ಒಂದು. ಅದನ್ನು ಯಾರಾದರೊಬ್ಬರ ಎದುರು ಗಟ್ಟಿಯಾಗಿ ಓದಬೇಕಿತ್ತು. ಮನೆಯಲ್ಲಿ ಪ್ರಯತ್ನಿಸಿದ್ದಳು. ಮಗಳು ಯಕ್ಷಿತಾ ಎರಡು ಸಾಲು ಕೇಳಿ, "ಮಮ್ಮಿ, ಇದರ ಮೀನಿಂಗ್ ಹಿಂದಿಯಲ್ಲಿ ಹೇಳ್ತೀಯಾ?" ಎಂದಿದ್ದಳು.

"ಈ ಸಲ ಗ್ಯಾರಂಟಿ, ವಿನೋದಿನಿಯಕ್ಕ," ಎಂದ ಕಾರ್ಯದರ್ಶಿ ಧನರಾಜ್. "ನಿಮ್ಮದು ಗಟ್ಟಿ ಪದ್ಯ. ಹಾಗಾಗಿ ಲಾಸ್ಟಿಗೆ ಇಟ್ಟದ್ದು."

"ಕಳೆದ ಸಲವೂ ಹೀಗೇ ಹೇಳಿದ್ದಿ ಮಾರಾಯ."

"ಕಳೆದ ಸಲದ ಮುಖ್ಯ ಅತಿಥಿಗಳು ಸ್ವಲ್ಪ ಉದ್ದ ಮಾಡಿದ್ರು."

"ಇವತ್ತಿನವರು?"

"ಇವರಿಗೆ ಮೊಣಕಾಲು ನೋವುಂಟು. ಹೆಚ್ಚು ಹೊತ್ತು ನಿಲ್ಲುದಿಲ್ಲ."

ಇವತ್ತಿನವರು ಕೂತೇ ಮಾತಾಡಿದರು.

ವಿನೋದಿನಿ ಎದ್ದು ಹಾಳೆ ಬಿಡಿಸುವ ಹೊತ್ತಿಗೆ ಎಂಟು ಗಂಟೆ. ಧನರಾಜ್ ಮುಖ್ಯ ಅತಿಥಿಗಳನ್ನು ರಿಕ್ಷಾ ಹತ್ತಿಸಲು ಹೋಗಿದ್ದ. ಮೈಕಿನವನು ಮೈಕು ಸುತ್ತಿಕೊಂಡು ಹೋಗಿದ್ದ. ಉಳಿದದ್ದು ಖಾಲಿ ಕುರ್ಚಿಗಳು, ಅವುಗಳ ಕೆಳಗೆ ಸನ್ಮಾನದ ಹೂಗುಚ್ಛಗಳು. ಶಾಲು, ಫಲಕ ಎಲ್ಲರೂ ಒಯ್ಯುತ್ತಾರೆ; ಹೂವನ್ನು ಬಿಟ್ಟೇ ಹೋಗುವುದು ಇಲ್ಲಿಯ ಪದ್ಧತಿ. ಲೋಕಲ್ ಬಾಗಿಲಲ್ಲಿ ಒಂದು ಕೈಗೆ ಕಂಬ, ಇನ್ನೊಂದಕ್ಕೆ ಚೀಲ. ಮೂರನೆಯ ಕೈ ಸಾಹಿತಿಗಳಿಗೂ ಇಲ್ಲ.

ಹೂಗಳಿಗೆ ವಾರಸುದಾರಳು ಮಲ್ಲಕ್ಕ. ಹಾಲ್ ಗುಡಿಸುವವಳು, ವಿಜಯಪುರದ ಕಡೆಯವಳು. ಬೆಳಿಗ್ಗೆ ಜೋಗೇಶ್ವರಿ ಸ್ಟೇಷನ್ ಹೊರಗೆ ಹೂ ಕಟ್ಟಿ ಮಾರುತ್ತಾಳೆ. ಗುಚ್ಛಗಳನ್ನು ಬಿಚ್ಚಿ ಗುಲಾಬಿಯನ್ನು ಬೇರೆ ಮಾಡುತ್ತಿದ್ದವಳು ತಲೆಯೆತ್ತಿದಳು.

"ನಿಮ್ದು ಆಗಿಲ್ಲೇನ್ರಿ ಬಾಯಾರ?"

"ಇಲ್ಲ."

"ಮತ್ತ ಓದ್ರಿ. ನಾ ಅದೀನಲ್ಲ."

ವಿನೋದಿನಿಗೆ ನಗು ಬರಬೇಕಿತ್ತು, ಅದಕ್ಕೂ ಸುಸ್ತು. ಗೋಡೆಗೆ ಒರಗಿಕೊಂಡು ಓದಿದಳು. ಗೋರೆಗಾಂವ್‌ನ ಚಾಳಿನ ಒಂದೇ ಕೋಣೆ, ಸಂಜೆ ಅಮ್ಮ ಮುಖ ತೊಳೆದು ತಲೆ ಬಾಚುವುದು, ಮುಡಿಯಲ್ಲಿ ಒಂದು ಮೊಳ ಕೇಸರಿ ಬಣ್ಣದ ಅಬ್ಬಲಿಗೆ. ಪ್ರತಿ ಚರಣದ ಕೊನೆಗೂ ಅದೇ ಎರಡು ಸಾಲು:

ಅಮ್ಮನ ಮುಡಿಯ ಅಬ್ಬಲಿಗೆ ಕಂಪು
ಅಡುಗೆಮನೆಯಿಂದ ಅಂಗಳದವರೆಗೆ.

ಆ ನಾಲ್ಕು 'ಅ'ಗಳನ್ನು ಕೂಡಿಸಲು ಆರು ವಾರ ಹಿಡಿದಿತ್ತು. ಚಾಳಿಗೆ ಅಂಗಳವೇ ಇರಲಿಲ್ಲ. ಅದು ಪ್ರಾಸಕ್ಕಾಗಿ ಬಂದದ್ದು.

ಮುಗಿದಾಗ ಮಲ್ಲಕ್ಕ ಕೈಯಲ್ಲಿದ್ದ ಗುಲಾಬಿ ಕೆಳಗಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಭಾಳ ಚಲೋ ಐತ್ರಿ. ಸಿಟ್ಟಾಗಂಗಿಲ್ಲಂದ್ರ ಒಂದ್ ಮಾತ್ ಹೇಳ್ಲೇನ್ರಿ?"

"ಹೇಳು."

"ಅಬ್ಬಲಿಗಿಗೆ ವಾಸನಿ ಇರಂಗಿಲ್ರಿ."

"ಎಂತ?"

"ದಿನಾ ಕಟ್ಟತೀನ್ರಿ ನಾ. ಕಣ್ಣಿಗೆ ಅಷ್ಟ ಅದು, ಮೂಗಿಗೆ ಏನೂ ಇಲ್ಲ."

ವಿನೋದಿನಿ ಕುರ್ಚಿಯಲ್ಲಿ ಕೂತುಬಿಟ್ಟಳು. ಈ ಪದ್ಯವನ್ನು ಸಂಘದ ಇಬ್ಬರು ವಿಮರ್ಶಕರು ನೋಡಿದ್ದರು. ಒಬ್ಬರು 'ಘ್ರಾಣಪ್ರತಿಮೆ' ಎಂದು ಅಂಚಿನಲ್ಲಿ ಬರೆದು ಎರಡು ಗೆರೆಯನ್ನೂ ಎಳೆದಿದ್ದರು. ಆ ಇಬ್ಬರೂ ಅವಳಂತೆ ಮುಂಬಯಿಯಲ್ಲೇ ಬೆಳೆದವರು. ಹೂವನ್ನು ಹೆಚ್ಚಾಗಿ ಕವಿತೆಗಳಲ್ಲಿ ಕಂಡವರು.

"ಹಾಗಾದ್ರೆ ನಾನು ಮೂಸಿದ್ದು ಎಂತದು ಮಲ್ಲಕ್ಕ? ಅಮ್ಮ ಹತ್ತಿರ ಬಂದ್ರೆ ಒಂದು ಪರಿಮಳ ಇತ್ತು. ನಾನು ಸುಳ್ಳು ಬರೆದಿಲ್ಲ."

ಎಂಟು ತಿಂಗಳಲ್ಲಿ ಅಮ್ಮನದೆಂದು ಉಳಿದದ್ದು ಆ ಪರಿಮಳ ಒಂದೇ. ಈಗ ಅದಕ್ಕೂ ಗುರುತಿಲ್ಲ.

ಮಲ್ಲಕ್ಕ ಚೀಲದಿಂದ ಒದ್ದೆ ಬಟ್ಟೆಯ ಗಂಟು ತೆಗೆದಳು. ಬೆಳಗಿನ ವ್ಯಾಪಾರದಲ್ಲಿ ಉಳಿದ ಗೇಣುದ್ದದ ಮಾಲೆ, ಬಾಡಿ ಮೆತ್ತಗಾಗಿತ್ತು. ಮೊದಲು ಒಂದು ಅಬ್ಬಲಿಗೆ ಕಿತ್ತು ಕೊಟ್ಟಳು. ವಿನೋದಿನಿ ಮೂಸಿದಳು. ನೀರಿನ ವಾಸನೆ, ನೂಲಿನ ವಾಸನೆ. ಬೇರೇನೂ ಇಲ್ಲ.

"ಈಗ ಇದನ್ನ ನೋಡ್ರಿ." ಹೂಗಳ ನಡುವೆ ಕಟ್ಟಿದ್ದ ಸಣ್ಣ ಹಸಿರು ಕುಡಿಯನ್ನು ಹಿಂಡಿ ಮೂಗಿನ ಹತ್ತಿರ ಹಿಡಿದಳು.

ವಿನೋದಿನಿ ಕಣ್ಣು ಮುಚ್ಚಿದಳು. ಬಹಳ ಹೊತ್ತು ತೆರೆಯಲಿಲ್ಲ.

"ಮರುಗ ರೀ," ಎಂದಳು ಮಲ್ಲಕ್ಕ ಮೆಲ್ಲಗೆ. "ಅಬ್ಬಲಿಗಿ ಕಟ್ಟುವಾಗ ನಡುವ ಹಾಕ್ತೀವಿ. ಚೆಂದ ಅದರದು, ವಾಸನಿ ಇದರದು. ಯಾರೂ ಇದರ ಹೆಸರು ಕೇಳಂಗಿಲ್ಲ."

ವಿನೋದಿನಿ ಪೆನ್ನು ತೆಗೆದು ಒಂದು ಪದ ಹೊಡೆದು ಹಾಕಿ ಇನ್ನೊಂದು ಬರೆದಳು. ಆಮೇಲೆ ಅಂಗಳವನ್ನೂ ಹೊಡೆದು ಹಾಕಿ ಬಾಗಿಲು ಎಂದು ಮಾಡಿದಳು. "ಪ್ರಾಸ ಹೋಯ್ತು."

"ಹೋಗ್ಲಿ ಬಿಡ್ರಿ. ಇನ್ನೂ ಮೂರು ಸಾಲು ಕುರ್ಚಿ ಮಡಚೂದೈತಿ. ಮತ್ತೊಮ್ಮಿ ಓದ್ರಿ."

ಎಂಟೂ ಇಪ್ಪತ್ತರ ಲೋಕಲ್ ತಪ್ಪುತ್ತಿತ್ತು. ವಿನೋದಿನಿ ಕುರ್ಚಿಯಿಂದ ಎದ್ದು, ಅದನ್ನು ತಾನೇ ಮಡಚಿ ಕೊಟ್ಟು, ಓದತೊಡಗಿದಳು. ಹಾಳೆ ಹಿಡಿದ ಕೈಯಲ್ಲೇ ಮರುಗದ ಕುಡಿಯೂ ಇತ್ತು. ಎರಡನೆಯ ಚರಣದಲ್ಲಿ ಬೀಗದ ಕೈ ಆಡಿಸುತ್ತಾ ಧನರಾಜ್ ಬಂದ.

"ಅಯ್ಯೋ, ನಿಮ್ಮದು ಇನ್ನೂ ಆಗಿಲ್ವಾ ಅಕ್ಕ?"

"ಆಯ್ತು. ಇದು ಎರಡನೇ ಸಲ," ಎಂದಳು ವಿನೋದಿನಿ. "ಕೂತ್ಕೊ."

ಕೂರಲು ಕುರ್ಚಿ ಉಳಿದಿರಲಿಲ್ಲ. ಅವನು ನಿಂತೇ ಕೇಳಿದ.