ಸಾಲು ನಿಂತ ಹೊತ್ತು

"ಮತ್ತೆ ಉಚ್ಚೆನಾ? ಮನೇಲಿ ಕೊಡಗಟ್ಲೆ ನೀರ್ ಕುಡ್ಕಂಡು ಬಂದಿದ್ದೀಯೇನೇ?"

ಮೇಸ್ತ್ರಿ ರೊಹೇಲಿಯೊ ಕೂಗಿದ್ದು ನೊಯೆಮಿಗೆ. ಕೋಳಿ ಕಾರ್ಖಾನೆಯ ಗದ್ದಲದಲ್ಲೂ ಸಾಲಿನ ಅಷ್ಟೂ ಹೆಂಗಸರಿಗೆ ಕೇಳುವ ಹಾಗೆ ಕೂಗಿದ. ಏಳು ತಿಂಗಳ ಬಸುರಿ ನೊಯೆಮಿ ಎತ್ತಿದ್ದ ಕೈ ಇಳಿಸಿದಳು. ಪಕ್ಕದಲ್ಲಿ ರೆಕ್ಕೆ ಕತ್ತರಿಸುತ್ತಿದ್ದ ಅವಳ ತಾಯಿ ಹಸಿಂತಾ ತಲೆ ಎತ್ತಲಿಲ್ಲ. ಎತ್ತಿದರೆ ಯಂತ್ರದ ಸರಪಳಿಯಲ್ಲಿ ತೂಗಿ ಬರುವ ನಾಲ್ಕು ಕೋಳಿ ದಾಟಿ ಹೋಗುತ್ತವೆ.

"ಒಂದ್ ಸಲಾನೂ ಓಗಿಲ್ಲ ಸಾ. ಡಾಕುಟ್ರು ಚೀಟಿ ಕೊಟ್ಟವ್ರೆ, ಸೋಂಕಾಗದೆ, ತಡ್ಕಬಾರ್ದು ಅಂತ."

"ಚೀಟಿ ಆಪೀಸ್ಗೆ ಕೊಡು. ಬಸ್ರಾಗೋವಾಗ ನನ್ನ ಕೇಳಿದ್ಯಾ? ಕುಯ್ಯೇ ಲೌಡಿ, ಕೋಳಿ ಓಯ್ತಾ ಅದೆ."

ಹಸಿಂತಾ ಅಮೆರಿಕದ ಅರ್ಕಾನ್ಸಾ ರಾಜ್ಯದ ಈ ಊರಿನ ಕೋಳಿಗಳನ್ನು ಕುಯ್ಯಲು ನಿಂತು ಇಪ್ಪತ್ತೊಂದು ವರ್ಷ. ಮೆಕ್ಸಿಕೊದ ಪುಯೆಬ್ಲಾದ ಗುಡ್ಡದ ಹಳ್ಳಿಯಿಂದ, ಮಗಳನ್ನು ತನ್ನ ತಾಯಿಯ ಸೊಂಟಕ್ಕೆ ಏರಿಸಿ, ಗಡಿಯ ಮರಳುಗಾಡು ನಡೆದು ಬಂದವಳು. ಆರು ವರ್ಷ ಕಳೆದ ಮೇಲೆ ಮಗಳನ್ನು ಕರೆಸಿಕೊಂಡಾಗ ಹುಡುಗಿ ಅವಳನ್ನು "ಯಾರಿವಳು?" ಎಂದು ಕೇಳಿದ್ದಳು. ಕೆಲಸದ ಕಾಗದಪತ್ರ ಬೇರೊಬ್ಬಳ ಹೆಸರಿನದು. ಬಾಯಿ ಬಿಟ್ಟರೆ ಕೆಡುಕು. ಹಾಗಾಗಿ ಬಿಟ್ಟಿರಲಿಲ್ಲ.

ಬೆಳಗಿನ ನಾಲ್ಕಕ್ಕೆ ಎದ್ದು ಮುಸುಕಿನ ಜೋಳದ ರೊಟ್ಟಿ ತಟ್ಟಿ, ಅವರೆ ಕಾಳು ಬಿಸಿ ಮಾಡಿ, ಹನಿ ನೀರು ಕುಡಿಯದೆ, ಮುದುಕರು ಕಟ್ಟಿಕೊಳ್ಳುವ ಡೈಪರ್ ಕಟ್ಟಿಕೊಂಡು ಹೊರಡುವುದು ಅವಳ ಅಭ್ಯಾಸ. ಒಂದು ದಿನ ನೊಯೆಮಿಯ ಪುಟ್ಟ ಮಗಳು ಯಾರೆಲಿ ಅದನ್ನು ಕಂಡು, "ಅಜ್ಜೀ, ನೀನಿನ್ನೂ ಪಾಪುನಾ?" ಎಂದಿತ್ತು. ಹಸಿಂತಾ ನಕ್ಕಿದ್ದಳು. ಮಗಳಿಗೂ ಹೀಗೇ ಮಾಡು ಎಂದು ಹೇಳಿಕೊಟ್ಟಿದ್ದಳು. ಆದರೆ ಡಾಕ್ಟರು ಬೈದ ಮೇಲೆ ನೊಯೆಮಿ ನೀರು ಕುಡಿಯತೊಡಗಿದ್ದಳು. ಡೈಪರ್ ಈಗ ಹೊಟ್ಟೆಗೆ ಸುತ್ತು ಬರುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ನೊಯೆಮಿ ಕಾಲಿಗೆ ಕಾಲು ಹೆಣೆದು ನಿಂತದ್ದು ಹಸಿಂತಾಳ ಕಣ್ಣಂಚಿಗೆ ಕಂಡಿತು. ಬಿಳಿ ನೆಲದ ಮೇಲೆ, ಬೂಟಿನ ಸುತ್ತ, ಬೆಚ್ಚನೆಯ ಹಳದಿ ನೀರು.

"ಥೂ ನಿನ್ನ! ಪೈಪ್ ತಕಂಬರ್ರೋ, ಹಸ ಗಂಜ್ಲ ಬುಟ್ಟದೆ!"

ಯಾರೂ ತರಲಿಲ್ಲ. ರೊಹೇಲಿಯೊ ತಾನೇ ಎಳೆದು ತಂದು ತಣ್ಣೀರನ್ನು ನೆಲಕ್ಕೆ ಬಿಟ್ಟ, ಆಮೇಲೆ ಅವಳ ಕಾಲಿಗೆ, ಆಮೇಲೆ ಸೊಂಟದವರೆಗೆ. ಮಂಜುಗಡ್ಡೆಯಂಥ ಆ ಕೋಣೆಯಲ್ಲಿ ನೊಯೆಮಿ ಕಟಕಟ ಹಲ್ಲು ಕಡಿಯುತ್ತಾ ನಿಂತಳು. ಅಳಲಿಲ್ಲ. ಅವಳ ಕೈಯ ಚೂರಿ ನಿಲ್ಲಲಿಲ್ಲ. ಒಂದು ರೆಕ್ಕೆ, ಇನ್ನೊಂದು ರೆಕ್ಕೆ, ಮುಂದಿನ ಕೋಳಿ.

ಇದನ್ನು ಕಲಿಸಿದವಳು ತಾನೇ, ಎಂದುಕೊಂಡಳು ಹಸಿಂತಾ.

ಅವಳು ಚೂರಿ ಕೆಳಗಿಟ್ಟಳು. ಕಂಬದ ಹತ್ತಿರ ನಡೆದು, ಅಲ್ಲಿದ್ದ ಕೆಂಪು ಗುಂಡಿಯನ್ನು ಅಂಗೈಯಿಂದ ಒತ್ತಿ ಹಿಡಿದಳು. ಕೋಳಿ ಸಾಲು ಗಕ್ಕನೆ ನಿಂತಿತು. ಆ ಕಟ್ಟಡಕ್ಕೆ ಇಂಥ ಮೌನವೂ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ.

"ಮೊದ್ಲು ನೀನ್ ಓಗು ಮಗಾ, ಬಟ್ಟೆ ಬದ್ಲಾಯ್ಸ್ಕೊ. ಆಮ್ಯಾಕೆ ನೀವೂ ಓಗ್ಬನ್ರವ್ವಾ, ಎಲ್ರೂವೆ."

ನೊಯೆಮಿ ಹೋದಳು. ಉಳಿದವರು ಅಲುಗಲಿಲ್ಲ. ಆಮೇಲೆ ಗ್ವಾಟೆಮಾಲದ ತೊಮಾಸಾ ಕೈಗವಸು ಕಳಚಿದಳು. ಅವಳ ಹಿಂದೆ ಇಬ್ಬರು. ಅವರ ಹಿಂದೆ ಶೌಚಾಲಯದತ್ತ ಉದ್ದ ಸಾಲು.

"ಕೈ ತೆಗಿಯೇ ಮುದ್ಕಿ! ನಿನ್ ಕಾಗ್ದ ಯಾರ್ದು ಅಂತ ನಂಗೊತ್ತು. ಒಂದ್ ಪೋನ್ ಮಾಡುದ್ರೆ ಗಡಿ ಆಚೆ ಬಿದ್ದಿರ್ತೀಯ!"

"ಮಾಡೋ. ನಿಮ್ಮಪ್ಪನೂ ನನ್ ಜೊತೇಲೇ ನಡ್ಕಂಡ್ ಬಂದೋನು. ನನ್ ಬಾಟ್ಲಿ ನೀರ್ ಕುಡ್ದು ಉಳ್ದೋನು. ಅವನ್ಗೂ ಒಂದ್ ಮಾತ್ ಯೋಳ್ಬುಟ್ಟು ಮಾಡು."

ರೊಹೇಲಿಯೊ ಅವಳ ಮಣಿಕಟ್ಟು ಹಿಡಿದ. ಸಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಬಿಟ್ಟ.

ಮ್ಯಾನೇಜರ್ ಓಡಿ ಬಂದು ಇಂಗ್ಲಿಷಿನಲ್ಲಿ ಏನೋ ಅರಚಿದ.

"ಕೆಲ್ಸ ಓಯ್ತಂತೆ ನಿಂದು," ಎಂದ ರೊಹೇಲಿಯೊ. ದನಿ ಇಳಿದಿತ್ತು.

"ಗೊತ್ತು. ಇನ್ನೂ ಮೂರ್ ಜನ ಅವ್ರೆ. ಅವ್ನ್ಗೆ ತಡ್ಕೊಳ್ಳಕ್ಕೇಳು."

ಆ ಮೂವರೂ ಹೋಗಿ ಬಂದ ಮೇಲೆ ಹಸಿಂತಾ ಗುಂಡಿಯಿಂದ ಕೈ ತೆಗೆದಳು. ಇಪ್ಪತ್ತೊಂದು ವರ್ಷ ಚೂರಿ ಹಿಡಿದ ಬೆರಳುಗಳು ಮಡಚಿಕೊಂಡೇ ಇದ್ದವು, ಬಿಡಿಸಲಾಗಲಿಲ್ಲ. ಯಾರನ್ನೂ ಕೇಳದೆ ಶೌಚಾಲಯಕ್ಕೆ ನಡೆದು, ಒಳಗಿನಿಂದ ಚಿಲಕ ಹಾಕಿಕೊಂಡು ಕುಳಿತಳು. ಮೈಯೆಲ್ಲ ನೋಯುತ್ತಿತ್ತು. ಹೊರಗೆ ಸಾಲು ಮತ್ತೆ ಶುರುವಾಗಿ ಕಾಲ ಕೆಳಗಿನ ನೆಲ ಗುಂಯ್ಗುಟ್ಟತೊಡಗಿತು. ಬೂಟುಗಳ ಸದ್ದು ಹತ್ತಿರ ಬಂತು. ರೊಹೇಲಿಯೊ ಬಾಗಿಲು ದಡದಡ ಬಡಿದ.

"ಎಷ್ಟೊತ್ತೇ? ಈಚಿಗ್ ಬಾ!"

ಹಸಿಂತಾ ಗೋಡೆಗೆ ತಲೆ ಆನಿಸಿದಳು. ಅವಸರ ಮಾಡಲಿಲ್ಲ.