ಅಂಚಿಗಿಂತ ಕೂದಲೆಳೆ ಮೇಲೆ

ಆ ಊರಿನಲ್ಲಿ ಹಿಮ ಬೀಳುವುದೇ ಅಪರೂಪ. ಬಿದ್ದರೂ ಮಧ್ಯಾಹ್ನದೊಳಗೆ ಕಡಲಗಾಳಿಗೆ ಕರಗಿ ಕೆಸರಾಗುವುದು ವಾಡಿಕೆ. ಆದುದರಿಂದ ಜನವರಿಯ ಆ ಗುರುವಾರ ಬೆಳಿಗ್ಗೆ ಪರದೆ ಸರಿಸಿ, ರಸ್ತೆಯೂ ಕಾಲುವೆಯ ದಡವೂ ಒಂದೇ ಬಿಳುಪಿನಡಿ ಮಲಗಿರುವುದನ್ನು ಕಂಡ ಫ್ರೀಸ್‌ಲ್ಯಾಂಡ್ ಎಂಬ ಆ ತಗ್ಗು ಸೀಮೆಯ ಯಾವ ಅಜ್ಜನಾದರೂ ಹಿಗ್ಗಬೇಕಾಗಿತ್ತು. ವೊಬ್ಬೆಯ ಎದೆ ಮಾತ್ರ ಧಸಕ್ಕೆಂದಿತು.

ಶಾಲೆಗೆ ರಜೆ ಕೊಡುವಷ್ಟು ಹಿಮ ಬಿದ್ದ ದಿನ ಇಡೀ ಸಂಸಾರ ಕಡಲ ಏರಿಯ ಮೇಲೆ ಜಾರುಬಂಡಿಯಾಡಿ, ಬೆಳಕಿರುವಾಗಲೇ ಮರಳಿ ಬಟಾಣಿ ಸಾರು ಕುಡಿಯುವುದು ಆ ಮನೆಯ ಪದ್ಧತಿ. ಸಾರಿಗೆ ಮೊದಲು ಮನೆಯ ಹಿರಿಯನು ಮಣ್ಣಿನ ಬಾಟಲಿಯಿಂದ ಯೆನೇವರನ್ನು, ಜೂನಿಪರ್ ಕಾಯಿಯ ಕಂಪಿನ ಆ ಹಳೆಯ ಬಗೆಯ ಜಿನ್ನನ್ನು, ಎಲ್ಲರಿಗೂ ಸುರಿಯಬೇಕು. ಪುಟ್ಟ ಗಾಜಿನ ಬಟ್ಟಲಿನ ಅಂಚು ಮುಟ್ಟಿದರೆ ಸಾಲದು. ಅಂಚಿಗಿಂತ ಕೂದಲೆಳೆಯಷ್ಟು ಮೇಲೆ ಅದು ಉಬ್ಬಿ ನಿಲ್ಲಬೇಕು, ತೊಟ್ಟೂ ಚೆಲ್ಲಬಾರದು. ಹಾಗೆ ತುಂಬಿದ ಬಟ್ಟಲನ್ನು ಎತ್ತುವಂತಿಲ್ಲ. ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿ, ಮೇಜಿಗೆ ಬಾಗಿ, ಮೊದಲ ಗುಟುಕನ್ನು ತುಟಿಯಿಂದಲೇ ಹೀರಬೇಕು. ಇಗರ್ಜಿಯಲ್ಲಿ ಬಾಗದ ಕತ್ತುಗಳೂ ಅದರೆದುರು ಬಾಗುತ್ತಿದ್ದವು.

ಮೂವತ್ತೆಂಟು ವರ್ಷಗಳ ಹಿಂದೆ ವೊಬ್ಬೆಯ ತಂದೆ ಒಂದು ತೊಟ್ಟು ಚೆಲ್ಲಿದ್ದ. ಮರುಮಾತಾಡದೆ ಬಾಟಲಿಯನ್ನು ಮಗನ ಕೈಗಿತ್ತು, ಸಾರು ಮುಗಿಯುವವರೆಗೂ ಯಾರ ಮುಖವನ್ನೂ ನೋಡಿರಲಿಲ್ಲ. ಆಮೇಲೆ ಎಂದೂ ಬಾಟಲಿ ಮುಟ್ಟಲಿಲ್ಲ. ಆ ಮೌನದ ಸಾರು ವೊಬ್ಬೆಯ ನಾಲಗೆಯಲ್ಲಿ ಇನ್ನೂ ಉಳಿದಿತ್ತು. ಈಗ ಅವನಿಗೆ ಎಪ್ಪತ್ತನಾಲ್ಕು. ಅಕ್ಟೋಬರಿನಿಂದ ಬಲಗೈ ನಡುಗತೊಡಗಿತ್ತು. ವಯಸ್ಸಿನದು, ಅಪಾಯವಿಲ್ಲ, ಆದರೆ ಹೋಗುವುದೂ ಇಲ್ಲ ಎಂದಿದ್ದ ವೈದ್ಯ. ಈ ಮಾತನ್ನು ವೊಬ್ಬೆ ಹೆಂಡತಿ ಯೆಲ್ಟ್ಯೆಗೂ ಹೇಳಿರಲಿಲ್ಲ.

"ಮನೇಲಿ ಕಾಫಿಗೆ ಬರಗಾಲಾನಾ? ಇವತ್ತೂ ಅರ್ಧ ಲೋಟ," ಎಂದು ಅವನು ತಿಂಡಿಯ ಹೊತ್ತಿಗೆ ಗೊಣಗಿದ.

"ಕುಡಿ, ಇನ್ನರ್ಧ ಹಾಕ್ತೀನಿ. ಒಟ್ಟಿಗೆ ಹಾಕಿದ್ರೆ ಆರೋಗತ್ತೆ," ಎಂದಳು ಯೆಲ್ಟ್ಯೆ.

"ಐವತ್ತು ವರ್ಷ ಆರ್ಲಿಲ್ಲ, ಈ ಚಳಿಗಾಲದಲ್ಲಿ ಆರಕ್ಕೆ ಶುರು ಆಯ್ತು."

"ಐವತ್ತು ವರ್ಷ ನೀನೂ ಇಷ್ಟು ಗೊಣಗ್ತಿರ್ಲಿಲ್ಲ."

ಅಷ್ಟರಲ್ಲಿ ಮಗಳು ಹಿಸ್ಕೆಯ ಫೋನು ಬಂತು. ಶಾಲೆಯ ಬಸ್ಸು ಬಂದಿಲ್ಲ, ರಜೆಯಂತೆ. ಒಂಬತ್ತು ವರ್ಷದ ನಿಂಕೆ ಆಗಲೇ ಬೂಟು ಹಾಕಿ ಬಾಗಿಲಲ್ಲಿ ನಿಂತಿದ್ದಾಳಂತೆ. ಫೋನು ಇಡುವುದರೊಳಗೆ ವೊಬ್ಬೆಗೆ ಉಪಾಯವೊಂದು ಹೊಳೆಯಿತು. ಇಡೀ ದಿನ ಬರಿಗೈಯನ್ನು ಹಿಮದಲ್ಲಿ ಆಡಿಸಿದವನ ಕೈ ಸಂಜೆ ನಡುಗಿದರೆ ತಪ್ಪೇನು? ಅವನು ಗ್ಲೌಸುಗಳನ್ನು ಕೋಟಿನ ಒಳಜೇಬಿಗೆ ತುರುಕಿ, ಚೆನ್ನಾಗಿ ಜಾರಲೆಂದು ಜಾರುಬಂಡಿಯ ಅಡಿಯ ಕಬ್ಬಿಣದ ಪಟ್ಟಿಗೆ ಮೇಣದಬತ್ತಿ ಉಜ್ಜತೊಡಗಿದ.

ಏರಿಯ ಮೇಲೆ ಊರಿಗೆ ಊರೇ ನೆರೆದಿತ್ತು. ವೊಬ್ಬೆ ಒಂದರ ಮೇಲೊಂದು ಹಿಮದುಂಡೆ ಕಟ್ಟಿದ. ಐದನೆಯ ಉಂಡೆಗೆ ನಿಂಕೆ ಅವನ ಕೈ ಹಿಡಿದು ನೋಡಿದಳು.

"ಅಜ್ಜ, ನಿನ್ನ ಗ್ಲೌಸ್ ಎಲ್ಲಿ?"

"ಎಲ್ಲೋ ಬಿತ್ತು ಮಗಳೇ. ಬಿಡು, ನನಗೇನು ಚಳಿ."

ಈ ಮಾತು ಅಳಿಯ ಗೆರ್ಬೆನನ ಕಿವಿಗೆ ಬಿತ್ತು. ಗೆರ್ಬೆನ್ ಕಿಟಕಿಯ ಚೌಕಟ್ಟುಗಳಿಗೆ ಬಣ್ಣ ಬಳಿಯುವವನು. ಗಾಜಿಗೆ ಪಟ್ಟಿ ಅಂಟಿಸದೆ ಗೆರೆ ಎಳೆದಂತೆ ಕುಂಚ ಆಡಿಸಬಲ್ಲವನು. ಹನ್ನೆರಡು ವರ್ಷಗಳಿಂದ ಮಾವನ ಮಣ್ಣಿನ ಬಾಟಲಿಯ ಮೇಲೆ ಕಣ್ಣಿಟ್ಟವನೂ ಹೌದು.

"ಮಾವ, ನನ್ನದು ಹಾಕ್ಕೊಳ್ಳಿ. ಆ ಕೈಗಳನ್ನ ಕಾಪಾಡ್ಕೊಬೇಕು, ಸಂಜೆ ಕೆಲಸ ಇದೆ."

"ಕೆಲಸ ಮಾಡೋರಿಗೆ ಗೊತ್ತು ಬಿಡಪ್ಪ," ಎಂದ ವೊಬ್ಬೆ. ಗೆರ್ಬೆನನ ಗ್ಲೌಸುಗಳನ್ನು ಹಾಕಿಕೊಂಡು, ಅವನು ಅತ್ತ ತಿರುಗಿದೊಡನೆ ಬೇಲಿಯ ಗೂಟಕ್ಕೆ ಸಿಕ್ಕಿಸಿದ. ಐದು ನಿಮಿಷದಲ್ಲಿ ಹಿಸ್ಕೆ ತನ್ನವನ್ನು ತಂದು ಅಪ್ಪನ ಕೈಗೇರಿಸಿದಳು. ಅವೂ ಎಲ್ಲೋ ಬಿದ್ದವು. ಕೊನೆಗೆ ಯೆಲ್ಟ್ಯೆಯೇ ಏರಿ ಹತ್ತಿ ಬಂದು, ನಿಂಕೆಗೆಂದು ಹೆಣೆದು ದೊಡ್ಡದಾಗಿಬಿಟ್ಟಿದ್ದ ಕೆಂಪು ಉಣ್ಣೆಯ ಕೈಗವಸುಗಳನ್ನು ಅವನಿಗೆ ತೊಡಿಸಿದಳು. ಮಕ್ಕಳು ಕಳೆದುಕೊಳ್ಳದಿರಲೆಂದು ಎರಡನ್ನೂ ಉದ್ದನೆಯ ದಾರದಿಂದ ಜೋಡಿಸಿತ್ತು. ಆ ದಾರವನ್ನು ಗಂಡನ ಕುತ್ತಿಗೆಗೆ ಹಾಕಿದಳು.

"ಈಗ ಕಳೀಲಿ, ನೋಡೋಣ."

ನಿಂಕೆ ಹಿಮದಲ್ಲಿ ಹೊರಳಾಡಿ ನಕ್ಕಳು. "ಅಜ್ಜ ಒಂದನೇ ಕ್ಲಾಸು," ಎಂದು ಏರಿಯುದ್ದಕ್ಕೂ ಸಾರಿಕೊಂಡು ಬಂದಳು.

ಇನ್ನು ಮಾಡುವುದೇನು? ವೊಬ್ಬೆ ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು ಬಂಡಿಯೇರಿದ. ಮೇಣ ಉಜ್ಜಿದ ಪಟ್ಟಿಗಳು ಏರಿಯ ಇಳಿಜಾರಿನಲ್ಲಿ ಶಿಳ್ಳೆ ಹಾಕಿದವು. ಕೆಳಗೆ ತಿರುಗಿಸಬೇಕಾದಲ್ಲಿ ನಿಂಕೆ ತಿರುಗಿಸಲೊಲ್ಲಳು. ಬಂಡಿ ನೆಟ್ಟಗೆ ಹೋಗಿ ಗೆರ್ಬೆನನ ಮೊಣಕಾಲಿಗೆ ಬಡಿಯಿತು, ಮೂವರೂ ಒಂದೇ ಗುಡ್ಡೆಯಾಗಿ ಚರಂಡಿಯ ಹಿಮದಲ್ಲಿ ಹೂತುಹೋದರು. ಮತ್ತೆ ಹತ್ತಿದರು, ಮತ್ತೆ ಜಾರಿದರು. ಒಂದೆರಡು ಗಂಟೆ ವೊಬ್ಬೆಗೆ ತನಗೊಂದು ಬಲಗೈ ಇದೆಯೆಂಬುದೇ ಮರೆತುಹೋಗಿತ್ತು. ನಾಲ್ಕೂವರೆಗೆ ಮನೆಯ ದಾರಿ ಹಿಡಿದಾಗ ನೆನಪಾಯಿತು. ಕೆಂಪು ಉಣ್ಣೆಯೊಳಗೆ ಅವನ ಕೈ ಒಲೆಯಿಂದ ಆಗತಾನೇ ತೆಗೆದ ಬ್ರೆಡ್ಡಿನಂತೆ ಬೆಚ್ಚಗಿತ್ತು. ನೆಪಕ್ಕೆ ಅಲ್ಲಿ ಜಾಗವಿರಲಿಲ್ಲ.

ಒದ್ದೆಯಾದ ಕಾಲುಚೀಲಗಳು ಒಲೆಯ ಸುತ್ತ ಹಬೆಯಾಡಿದವು. ಸಾರು ಕುದಿದು ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗಿತ್ತು. ಯೆಲ್ಟ್ಯೆ ಮೇಜಿನ ಮೇಲೆ ಐದು ಬಟ್ಟಲುಗಳನ್ನಿಟ್ಟು, ಐದನೆಯದಕ್ಕೆ ನಿಂಕೆಗಾಗಿ ಸೇಬಿನ ರಸ ಹಾಕಿ, ಕಿಟಕಿಯ ಹೊರಗೆ ಹಿಮದಲ್ಲಿ ತಣ್ಣಗಾಗುತ್ತಿದ್ದ ಬಾಟಲಿಯನ್ನು ತಂದು ಗಂಡನ ಮುಂದಿರಿಸಿದಳು. ಸುರಿಯುವಾಗ ಮಾತಾಡುವ ಪದ್ಧತಿ ಇರಲಿಲ್ಲ.

ವೊಬ್ಬೆ ಬಾಟಲಿ ಎತ್ತಿ ಬಾಗಿಸಿದ. ಮಣ್ಣಿನ ಬಾಯಿ ಗಾಜಿನ ಅಂಚಿಗೆ ತಗುಲಿ ಟಿಣ್ ಎಂದಿತು. ಎತ್ತಿ ಸರಿಪಡಿಸಿಕೊಂಡ, ಮತ್ತೆ ಟಿಣ್, ಟಿಣ್, ಟಿಣ್.

"ಅಜ್ಜ, ಬಟ್ಟಲು ಗಂಟೆ ಹೊಡೀತಿದೆ. ಚಳಿನಾ?" ಎಂದಳು ನಿಂಕೆ.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕುತ್ತಿಗೆಯಲ್ಲಿ ಕೆಂಪು ಕೈಗವಸುಗಳು ಇನ್ನೂ ಜೋತಾಡುತ್ತಿದ್ದವು. ವೊಬ್ಬೆ ಒಂದು ತೊಟ್ಟೂ ಬೀಳುವ ಮೊದಲೇ ಬಾಟಲಿಯನ್ನು ಕೆಳಗಿಟ್ಟ.

"ಚಳಿ ಅಲ್ಲ ಮಗಳೇ. ಅಕ್ಟೋಬರಿಂದ ಹೀಗೇ. ಹೋಗಲ್ವಂತೆ."

"ನನಗೆ ಗೊತ್ತು," ಎಂದಳು ಯೆಲ್ಟ್ಯೆ, ಬ್ರೆಡ್ಡು ಕೊಯ್ಯುತ್ತಲೇ. "ಮತ್ಯಾಕೆ ಅರ್ಧ ಲೋಟ ಕಾಫಿ ಹಾಕ್ತಿದ್ದೆ ಅಂದ್ಕೊಂಡೆ? ಕಾಫಿ ಪುಡಿ ಉಳಿಸಕ್ಕಾ?"

ವೊಬ್ಬೆ ಹೆಂಡತಿಯನ್ನೇ ನೋಡಿದ. ಮೂರು ತಿಂಗಳ ಗೊಣಗಾಟವೆಲ್ಲ ಒಮ್ಮೆಗೇ ನೆನಪಾಗಿ ಅವನ ಕಿವಿ ಬಿಸಿಯಾಯಿತು. ಆಮೇಲೆ ಬಾಟಲಿಯನ್ನು ಅಳಿಯನತ್ತ ತಳ್ಳಿದ. ಹನ್ನೆರಡು ವರ್ಷ ಕಾದಿದ್ದ ಗೆರ್ಬೆನ್ ಈಗ ಕೈ ಹಿಂದೆಗೆದ.

"ಇವತ್ತು ಬೇಡ ಮಾವ. ಮುಂದಿನ ಸಲ ನೋಡೋಣ."

"ಮುಂದಿನ ಹಿಮ ಯಾವಾಗ್ಲೋ, ಸುರಿ."

ಗೆರ್ಬೆನ್ ಉಸಿರು ಬಿಗಿಹಿಡಿದು ಸುರಿದ. ಧಾರೆ ನೂಲಿನಂತೆ ಇಳಿಯಿತು; ಅಂಚು ಮುಟ್ಟಿದೊಡನೆ ಅವನು ಬಾಟಲಿ ಎತ್ತಿದ. ಗೆಲುವಿನ ನಗೆ ನಗಬೇಕೆನ್ನುವಷ್ಟರಲ್ಲಿ ಮೇಜಿನ ಆ ತುದಿಯಿಂದ ದನಿ ಬಂತು.

"ಇನ್ನೂ."

ವೊಬ್ಬೆ ಗಲ್ಲವನ್ನು ಮೇಜಿಗೂರಿ ಬಟ್ಟಲನ್ನು ನೋಡುತ್ತಿದ್ದ. ನಲವತ್ತು ವರ್ಷ ಪಂಪುಮನೆಯಲ್ಲಿ ಕಾಲುವೆಯ ಅಳತೆಗೋಲನ್ನು ಹಾಗೆಯೇ ಬಾಗಿ ಓದಿದವನು. ನೀರು ಬೆರಳಗಲ ಏರಿದರೆ ಊರಿನ ಹೊಲಗಳು ಮುಳುಗುವ ಸೀಮೆಯಲ್ಲಿ ಅವನ ಕಣ್ಣು ಒಮ್ಮೆಯೂ ತಪ್ಪಿರಲಿಲ್ಲ.

"ತುಂಬ್ತಲ್ಲ ಮಾವ."

"ಬಟ್ಟಲು ತುಂಬಿತು. ಜಿನ್ ತುಂಬಿಲ್ಲ. ಒಂದು ತೊಟ್ಟು. ಹೂಂ. ಇನ್ನೊಂದು."

"ಚೆಲ್ಲತ್ತೆ."

"ಕೈ ನಿನ್ನದು, ಕಣ್ಣು ನನ್ನದು. ನಾನು ಹೇಳೋವರೆಗೂ ಚೆಲ್ಲಲ್ಲ. ಇನ್ನೊಂದು. ಸಾಕು."

ಜಿನ್ ಅಂಚಿಗಿಂತ ಕೂದಲೆಳೆಯಷ್ಟು ಮೇಲೆ ಉಬ್ಬಿ, ದೀಪದ ಬೆಳಕನ್ನು ನೆತ್ತಿಯಲ್ಲಿ ಹೊತ್ತು ನಿಂತಿತು. ನಾಲ್ಕನೆಯ ಬಟ್ಟಲು ಮುಗಿಯುವ ಹೊತ್ತಿಗೆ ಗೆರ್ಬೆನನ ಹಣೆಯಲ್ಲಿ ಬೆವರೊಡೆದಿತ್ತು. "ಇದಕ್ಕಿಂತ ಇಗರ್ಜಿ ಗೋಪುರಕ್ಕೆ ಬಣ್ಣ ಹೊಡೆಯೋದು ವಾಸಿ," ಎಂದು ಅವನು ಕುಸಿದು ಕುಳಿತ. ಮೇಜಿನ ಮೇಲೆ ಒಂದು ತೊಟ್ಟೂ ಇರಲಿಲ್ಲ.

ಐವರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಬಾಗಿದರು. ನಡುಗುವ ಕೈ ಯಾವುದು, ನಡುಗದ್ದು ಯಾವುದು ಎಂಬ ಭೇದ ಆ ಕ್ಷಣದಲ್ಲಿ ಅಲ್ಲಿರಲಿಲ್ಲ. ಹಿಮದ ತಂಪನ್ನೇ ಹೊತ್ತು ತುಟಿಗೆ ತಾಗಿದ ಜಿನ್ ಗಂಟಲಲ್ಲಿ ಕಿಡಿಯಾಗಿ, ಎದೆಯಲ್ಲಿ ಜೂನಿಪರಿನ ಕಂಪಾಗಿ ಹರಡಿ, ಹಿಮದಲ್ಲಿ ಮರಗಟ್ಟಿದ್ದ ಕಾಲ್ಬೆರಳುಗಳವರೆಗೆ ನಿಧಾನವಾಗಿ ಇಳಿಯಿತು. ವೊಬ್ಬೆ ಕಣ್ಣು ಮುಚ್ಚಿದ. ಮೂವತ್ತೆಂಟು ವರ್ಷಗಳಲ್ಲಿ ಹಿಮ ಬಿದ್ದಾಗಲೆಲ್ಲ ಚೆಲ್ಲೀತೆಂಬ ಭಯದಲ್ಲೇ ಬಾಗಿದ್ದ ಅವನು ಇಂದು ಮೊದಲ ಬಾರಿಗೆ ಬರೀ ರುಚಿಗಾಗಿ ಬಾಗಿದ್ದ.

ಸಾರಿನ ಹೊತ್ತಿಗೆ ಎಲ್ಲರಿಗಿಂತ ಹೆಚ್ಚು ಮಾತಾಡಿದವನು ಅವನೇ. ಊಟವಾದ ಮೇಲೆ ಯೆಲ್ಟ್ಯೆ ಅವನ ಮುಂದೆ ಅರ್ಧ ಲೋಟ ಕಾಫಿ ಇಟ್ಟಳು. ಅವನು ಗೊಣಗಲಿಲ್ಲ.

"ಇನ್ನರ್ಧ?" ಎಂದು ಮಾತ್ರ ಕೇಳಿದ.

"ಮೊದಲು ಅದನ್ನ ಕುಡಿ," ಎಂದಳು ಅವಳು, ಕಾಫಿಯ ಹೂಜಿಯನ್ನು ಕೈಯಲ್ಲಿ ಹಿಡಿದೇ ಪಕ್ಕದಲ್ಲಿ ಕುಳಿತು.