ನಳಕ್ಕೆ ಹೇಳಿದ ಕನಸು

ಕೊಟ್ಟೂರಿನ ನಮ್ಮ ಓಣಿಗೆ ವಾರಕ್ಕೊಮ್ಮೆ ನೀರು ಬಿಡುತ್ತಾರೆ. ಅಂದು ಬೆಳಿಗ್ಗೆ ಪೈಪನ್ನು ಕುಡಿಯುವ ನೀರಿನ ಡ್ರಮ್ಮಿಗೆ ಹಾಕಿ, ಉಕ್ಕುತ್ತಿದ್ದ ಹಾಲು ಇಳಿಸಲು ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ಪೈಪು ನನ್ನ ಮಗಳು ಪಂಪಾಳ ಕೈಯಲ್ಲಿತ್ತು. ಮೂರನೇ ತರಗತಿಯ ಹುಡುಗಿ. ಶಾಲೆಯ ಲಂಗವೆಲ್ಲ ತೊಯ್ದಿತ್ತು. ಬೀಳುವ ನೀರಿನ ಹತ್ತಿರ ಬಾಯಿ ತಂದು ಏನೋ ಪಿಸುಗುಡುತ್ತಿದ್ದಳು.

ನಮ್ಮದಾದ ಮೇಲೆ ಅದೇ ನಳಕ್ಕೆ ಪೈಪು ಹಾಕುವ ಪಕ್ಕದ ಮನೆಯ ಅನ್ನದಾನಮ್ಮ ನಕ್ಕರು. "ರೇಖಾ, ನಿನ್ನ ಮಗಳು ನಳಕ್ಕ ಫೋನ್ ಹಚ್ಚ್ಯಾಳ ನೋಡು. ಲಗೂನ ಇಡಾಕ ಹೇಳವ್ವಾ, ನೀರು ನಿಂತು ಹೋಗತೈತಿ!"

ಪಂಪಾ ಬೆಚ್ಚಿ ತಿರುಗಿದಳು. ಡ್ರಮ್ಮಿನೊಳಗೆ ಬಗ್ಗಿ ನೋಡಿದವಳೇ ಅಳತೊಡಗಿದಳು. "ಅವ್ವಾ, ನೀರು ಹರದು ಹೋಗ್ಲಿಲ್ಲ! ಎಲ್ಲಾ ಇದರಾಗ ಬಿತ್ತು!"

ನನ್ನ ಅತ್ತೆ ಮಂಜಮ್ಮನವರ ಮಾತದು: ಕೆಟ್ಟ ಕನಸನ್ನು ಮನುಷ್ಯರಿಗೆ ಹೇಳಬಾರದು, ಹರಿಯುವ ನೀರಿಗೆ ಹೇಳಬೇಕು, ಅದು ಹೊತ್ತುಕೊಂಡು ಹೋಗುತ್ತದೆ. ಅವರ ತವರು ತಂಬ್ರಹಳ್ಳಿಯಲ್ಲಿ ಅವರು ಹಳ್ಳಕ್ಕೆ ಹೇಳಿ ಬರುತ್ತಿದ್ದರಂತೆ. ನಮ್ಮ ಓಣಿಯಲ್ಲಿ ಹರಿಯುವುದು ನಳ ಒಂದೇ. ಮಗು ಒಂದು ಕನಸನ್ನು ಹೊಟ್ಟೆಯಲ್ಲಿಟ್ಟುಕೊಂಡು ನೀರು ಬರುವ ದಿನಕ್ಕೆ ಕಾದಿತ್ತು.

"ಚೆಲ್ಲವ್ವಾ. ಕುಡದ್ರ ಎಲ್ಲಾರ ಹೊಟ್ಟ್ಯಾಗೂ ಹೋಗತೈತಿ," ಎಂದಳು ಪಂಪಾ.

"ಚೆಲ್ಲಬ್ಯಾಡ್ರಿ, ನಮಗ ಕೊಡ್ರಿ," ಎಂದರು ಅನ್ನದಾನಮ್ಮ. "ನಮ್ಮನ್ಯಾಗ ನಿದ್ದಿನೂ ಇಲ್ಲ, ಕನಸೂ ಇಲ್ಲ."

ನಾನು ಪೈಪನ್ನು ಅವರ ಕೈಗೆ ಕೊಟ್ಟೆ. ಡ್ರಮ್ಮಿನಿಂದ ಒಂದು ಲೋಟ ಮೊಗೆದು, ಪಂಪಾ ನೋಡುತ್ತಿರುವಂತೆಯೇ ಪೂರ್ತಿ ಕುಡಿದೆ. "ಹೋತು ನೋಡು ನನ್ನ ಹೊಟ್ಟಿಗೆ. ಇನ್ನ ನನ್ನ ಮುಂದ ಮುಚ್ಚಿಟ್ಟು ಏನ್ ಮಾಡ್ತಿ? ಹೇಳು ಬಂಗಾರಿ."

ಮೆಟ್ಟಿಲ ಮೇಲೆ ಕೂತು, ನನ್ನ ಸೆರಗು ತಿರುವುತ್ತಾ ಹೇಳಿದಳು. ಕನಸಿನಲ್ಲಿ ಒಬ್ಬ ಹುಡುಗಿ. ಕೆದರಿದ ಕೂದಲು. ಬಸ್‌ಸ್ಟ್ಯಾಂಡಿಗೆ ನಮ್ಮ ಭೀಮುವನ್ನು, ಎಂದರೆ ಪಂಪಾಳ ಒಂದು ವರ್ಷದ ತಮ್ಮನನ್ನು, ಎತ್ತಿಕೊಂಡು ಹೋದಳಂತೆ. ಕಾನಹೊಸಹಳ್ಳಿ ಬಸ್ಸಿನ ಸೀಟಿನ ಮೇಲೆ ಕೂಡಿಸಿ ಇಳಿದುಬಿಟ್ಟಳಂತೆ.

"ಆಮ್ಯಾಲೆ?"

"ಆಮ್ಯಾಲೆ ಮಂಡಕ್ಕಿ ಮಿರ್ಚಿ ತಿಂದ್ಲು. ನಕ್ಕೋತ."

ನಗು ಬಂದರೂ ತಡೆದುಕೊಂಡೆ. ಮಗುವಿನ ಮುಖದಲ್ಲಿ ನಗುವಂಥದ್ದೇನೂ ಇರಲಿಲ್ಲ.

ಮನೆಯಲ್ಲಿದ್ದೇ ಮನಃಶಾಸ್ತ್ರದ ಎಂ.ಎ. ಓದುತ್ತಿದ್ದೇನೆ, ಬೇಳೆ ಬೇಯುವಾಗ ಒಂದು ಪುಟ, ಭೀಮು ಮಲಗಿದಾಗ ಇನ್ನೊಂದು. ನಮಗೆ ಗೊತ್ತಿರುವ ಮನಸ್ಸು ಮನೆಯ ಪಡಸಾಲೆಯಷ್ಟೇ, ಹಿಂದೆ ದೀಪವಿಲ್ಲದ ದೊಡ್ಡ ಕೋಣೆಗಳಿವೆ ಎಂದು ಅದರಲ್ಲಿ ಓದಿದ್ದೆ. ಓಣಿಗೆ ತೋರಿಸಲು ಎಲ್ಲರಿಗೂ ಒಂದು ಮುಖವಾಡ ಬೇಕು. ಅದಕ್ಕೆ ಒಪ್ಪದ್ದನ್ನೆಲ್ಲ ಹಿಂದಿನ ಕೋಣೆಗೆ ದೂಡುತ್ತೇವೆ. ಅದು ಸಾಯುವುದಿಲ್ಲ, ನೆರಳಾಗಿ ಕೂತಿರುತ್ತದೆ. ಕನಸಿನಲ್ಲಿ ಬೇರೆ ಯಾರದೋ ವೇಷದಲ್ಲಿ ಹೊರಗೆ ಬರುತ್ತದೆ. ಓಡಿಸಿದಷ್ಟೂ ಬೆಳೆಯುತ್ತದೆ. ಗುರುತು ಹಿಡಿದು ಜೊತೆಗಿಟ್ಟುಕೊಂಡವರು ಇಡಿಯಾದ ಮನುಷ್ಯರಾಗುತ್ತಾರೆ.

ಪರೀಕ್ಷೆಗೆಂದು ಓದಿದ್ದು ಈಗ ನನ್ನ ಮಡಿಲಿಗೆ ಒರಗಿ ಕೂತಿತ್ತು. ಭೀಮು ಹುಟ್ಟಿದಾಗಿನಿಂದ ಓಣಿಯೆಲ್ಲ ಪಂಪಾಳನ್ನು ಶಾಣ್ಯಾಕಿ ಎನ್ನುತ್ತದೆ. ಕುಂಟಬಿಲ್ಲೆಯ ಆಟ ಅರ್ಧಕ್ಕೆ ಬಿಟ್ಟು ತೊಟ್ಟಿಲು ತೂಗಲು ಬರುತ್ತಾಳೆ. ಒಂದು ದಿನವೂ ಒಲ್ಲೆ ಎಂದಿಲ್ಲ. ಆದರೆ ವಾರದಿಂದ ಅವಳದೊಂದೇ ದೂರು: ಕ್ಲಾಸಿನ ಸುಮಲತಾ ಕೆಟ್ಟವಳು, ಸಣ್ಣ ಹುಡುಗರನ್ನು ಕಂಡರೆ ಅವಳಿಗಾಗುವುದಿಲ್ಲ. ತನ್ನೊಳಗೆ ನೋಡಲಾಗದ್ದನ್ನು ಇನ್ನೊಬ್ಬರ ಮೇಲೆ ಹಾಕಿ ನೋಡುತ್ತೇವೆ ಎಂಬುದನ್ನೂ ಓದಿದ್ದೆ. ಆ ಸುಮಲತಾ ಕಳೆದ ವಾರವಷ್ಟೇ ಭೀಮುಗೆ ಬಿಸ್ಕಿಟು ತಂದುಕೊಟ್ಟಿದ್ದಳು.

ಅಷ್ಟರಲ್ಲಿ ಭೀಮುವನ್ನು ಕಂಕುಳಲ್ಲಿಟ್ಟುಕೊಂಡು ಅತ್ತೆ ಹೊರಗೆ ಬಂದರು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ಇಷ್ಟಕ್ಕ ಅಳತೀಯೇನ? ನನ್ನ ಕನಸಿನ್ಯಾಗ ಒಬ್ಬಾಕಿ ಬರ್ತಿದ್ಲು. ನಿಮ್ಮಜ್ಜ ಉಣ್ಣಾಕ ಕುಂತ್ರ, ಮುದ್ದಿ ಹಾಕಿದ ಗಂಗಾಳ ಡಬ್ ಹಾಕಿ ಹೊಂಟ ಹೋಗಾಕಿ."

ಪಂಪಾ ಮೂಗು ಒರೆಸಿಕೊಂಡಳು. "ಯಾರಜ್ಜಿ ಆಕಿ?"

"ಯಾರಿಗ್ಗೊತ್ತು. ಸೀರಿ ಮಾತ್ರ ನಂದ ಇತ್ತು."

"ಹಳ್ಳಕ್ಕ ಹೇಳಿದ್ದ್ಯಾ?"

"ಹೇಳಿದ್ನೆವ್ವ, ತವರಿಗೆ ಹೋದಾಗೆಲ್ಲ. ಏನ್ ಹೇಳಿದ್ರೇನು, ಮರುದಿನ ಮತ್ತ ಬರ್ತಿದ್ಲು. ಕಡೀಗೆ ನಂಗೂ ಆಕಿ ರೂಢಿ ಆದ್ಲು."

ಅನ್ನದಾನಮ್ಮ ಪೈಪು ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕರು. ಪಂಪಾ ಕೂಡ ಒಂದಿಷ್ಟು ನಕ್ಕು, ಮತ್ತೆ ನನ್ನ ಸೆರಗು ಹಿಡಿದಳು. ಅವಳ ತುಟಿ ಅಲುಗಿ ನಿಂತಿತು. ಏನನ್ನೋ ಕೇಳಬೇಕೆಂದಿದ್ದಾಳೆ ಎಂದು ತಿಳಿಯಿತು. ನಾನಾಗಿಯೇ ಹೇಳಿಬಿಡಬಹುದಿತ್ತು. ಆದರೆ ಕನಸಿನ ಅರ್ಥವನ್ನು ಕನಸು ಕಂಡವರೇ ಮುಟ್ಟಬೇಕು, ಹೊರಗಿನವರು ಅವಸರ ಮಾಡಬಾರದು. ಅನ್ನ ಬೆಂದಿತೋ ಎಂದು ನೋಡಲು ಗಳಿಗೆಗೊಮ್ಮೆ ಮುಚ್ಚಳ ತೆಗೆಯುವವಳಲ್ಲ ನಾನು.

ಅವಳನ್ನು ಮುಂದೆ ಕೂಡಿಸಿಕೊಂಡು ತಲೆ ಬಾಚಿದೆ. ಒಂದು ಜಡೆ ಮುಗಿಯಿತು. ಭೀಮು ಅಜ್ಜಿಯ ಕಂಕುಳಿನಿಂದ ಜಾರಿ, ಅಂಬೆಗಾಲಿಟ್ಟು ಬಂದು ಅಕ್ಕನ ರಿಬ್ಬನ್ನು ಎಳೆದ. ಅವಳು ಬಿಡಿಸಿಕೊಳ್ಳಲಿಲ್ಲ, ಎತ್ತಿಕೊಳ್ಳಲೂ ಇಲ್ಲ. ಎರಡನೇ ಜಡೆ ಅರ್ಧಕ್ಕೆ ಬಂದಿತ್ತು. ನನ್ನ ಕಡೆ ತಿರುಗದೆ, ಆದರೆ ಎಲ್ಲರಿಗೂ ಕೇಳುವಂತೆ ಕೇಳಿದಳು:

"ಅವ್ವಾ, ಆಕಿ ನಾನ ಆಗಿದ್ರ, ಆಗೂ ನಿಂಗ ನಾನು ಬೇಕೇನು?"